ಕೇಸರ್‌ಗೆ ದಾರಿ ಹೇಳುವವರು

ಠಾಣೆ, ಬುಧವಾರ

ಮಂಗಳೂರಿನ ರೈಲು ಮುಂಬೈ ಪಕ್ಕದ ಠಾಣೆಗೆ ಬಂದಾಗ ಬೆಳಗಿನ ಆರೂವರೆ. ಜನವರಿ ತಿಂಗಳು. ನಮ್ಮೂರಿನ ಮಂಜಿಗೆ ವಾಸನೆ ಇರುವುದಿಲ್ಲ. ಇಲ್ಲಿಯದಕ್ಕೆ ಸುಟ್ಟ ರಬ್ಬರಿನ ವಾಸನೆ ಇತ್ತು. ಪ್ಲಾಟ್‌ಫಾರ್ಮಿನಲ್ಲಿ ಯಾರೂ ಯಾರನ್ನೂ ತಳ್ಳುತ್ತಿರಲಿಲ್ಲ, ಆದರೂ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಿದ್ದರು. ನಾನೂ ಹೋದೆ. ಮೆಟ್ಟಿಲೇರಿ, ಸೇತುವೆ ದಾಟಿ, ನಿಲ್ದಾಣದ ತಪ್ಪು ಬದಿಗೆ ಬಂದು ನಿಂತ ಮೇಲೆ ತಿಳಿಯಿತು, ಇಷ್ಟು ದೂರ ನಾನು ನಡೆದದ್ದಲ್ಲ, ಜನ ನನ್ನನ್ನು ಒಯ್ದದ್ದು.

ಸದಾನಂದ ಭಾವ ಇನ್ನೊಂದು ಬದಿಯಲ್ಲಿ ಕಾರಿನೊಂದಿಗೆ ಕಾಯುತ್ತಿದ್ದರು. ನನ್ನ ದೊಡ್ಡಮ್ಮನ ಮಗಳು ವಿನೋದಕ್ಕನ ಗಂಡ ಅವರು. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಬಹಳ ವರ್ಷಗಳಿಂದ ಹೋಟೆಲು ನಡೆಸುತ್ತಾರೆ.

“ಶಶೀ, ನಿದ್ರೆ ಆಯ್ತಾ? ಆಗ್ಲಿಲ್ಲಾಂತ ಕಾಣ್ತದೆ. ಮನೆಗೆ ಹೋಗುವ ಮೊದಲು ಒಂದು ಕಡೆ ಹೋಗ್ಲಿಕ್ಕುಂಟು. ಅರ್ಧ ಗಂಟೆ,” ಎಂದರು.

ಅವರ ಅರ್ಧ ಗಂಟೆ ಒಂದೂವರೆ ಗಂಟೆಯಾಯಿತು. ಘೋಡಬಂದರ್ ರಸ್ತೆಯ ಎರಡೂ ಬದಿಗೆ ಎತ್ತರದ ವಸತಿ ಕಟ್ಟಡಗಳು. ಮೇಲಿನ ಅರ್ಧ ಮಂಜಿನೊಳಗೆ ಇದ್ದುದರಿಂದ ಎಲ್ಲವೂ ಅಪೂರ್ಣವಾಗಿ ನಿಂತಂತೆ ಕಾಣುತ್ತಿದ್ದವು. ಒಂದು ಮಾಲ್‌ನ ಹಿಂದೆ, ಗುಡ್ಡದ ಬುಡದಲ್ಲಿ, ತಗಡಿನ ಶೆಡ್ಡು. ಒಳಗೆ ಮದುವೆ ಮೆರವಣಿಗೆಯ ನಾಲ್ಕು ಬಿಳಿ ಕುದುರೆಗಳು. ಒಂದರ ಮುಖದಿಂದ ಮಣಿಸರಗಳ ಪರದೆಯನ್ನು ಇನ್ನೂ ತೆಗೆದಿರಲಿಲ್ಲ. ಪರದೆಯ ಹಿಂದೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ನಾನು ಎಲ್ಲಿಗೆ ಸರಿದರೂ ಅದರ ಮುಖ ನನ್ನ ಕಡೆಗೇ ತಿರುಗುತ್ತಿತ್ತು.

ಶೆಡ್ಡಿನ ಮಾಲೀಕ ಭಾವನ ಕೈ ಹಿಡಿದು ಕುಲುಕಿದ. “ಸಂಡೇ ಸುಬಹ್ ಟೆಂಪೋ ಲೇಕೇ ಆತಾ ಹೂಂ, ಶೇಟ್. ಪಕ್ಕಾ ನಾ?” ಭಾನುವಾರ ಬೆಳಿಗ್ಗೆ ಟೆಂಪೋ ತರುತ್ತೇನೆ, ಖಂಡಿತ ತಾನೇ ಎಂದು ಕೇಳಿದ್ದು.

“ನೋಡುವ,” ಎಂದರು ಭಾವ, ಕನ್ನಡದಲ್ಲಿ. ಅವನಿಗೆ ಅರ್ಥವಾಗಲಿಲ್ಲ, ಆಯಿತು ಎಂದುಕೊಂಡು ನಕ್ಕ.

ವಿಷಯ ತಿಳಿದದ್ದು ಹಿಂದಿರುಗುವಾಗ, ಕಾರಿನಲ್ಲಿ. ವಿನೋದಕ್ಕನ ಬೆನ್ನಿಗೆ ಎರಡು ಶಸ್ತ್ರಚಿಕಿತ್ಸೆ ಆದದ್ದು ನನಗೆ ಗೊತ್ತಿತ್ತು. ಆಮೇಲೆ ಅವಳಿಗೆ ರಿಕ್ಷಾ, ಕಾರು ಯಾವುದರಲ್ಲೂ ಕೂರಲಾಗುವುದಿಲ್ಲ. ರಸ್ತೆಯ ಒಂದೊಂದು ಹೊಂಡಕ್ಕೂ ಪ್ರಾಣ ಹೋದಂತೆ. ಅದಕ್ಕೆ ಮೊದಲು ದಿನವೂ ಬೆಳಿಗ್ಗೆ ಅವಳು ಹೋಟೆಲಿಗೆ ಹೋಗಿ, ಸಾಂಬಾರಿನ ರುಚಿ ನೋಡಿ ‘ಹೂಂ’ ಎಂದ ಮೇಲೆಯೇ ಬಾಗಿಲು ತೆರೆಯುತ್ತಿತ್ತು. ಅದು ತಪ್ಪಿತು. ಎರಡು ವರ್ಷ ಮಲಗಿದ್ದಳು. ಹೋಟೆಲಿಗೆ ಖೋವಾ ತರುವ ಮಾರವಾಡದವನೊಬ್ಬ ಭಾವನಿಗೆ ಹೇಳಿದನಂತೆ: ನಮ್ಮ ಕಡೆ ರೇವಾಲ್ ಎಂಬ ನಡಿಗೆಯ ಕುದುರೆಗಳಿವೆ, ಮೇಲೆ ಕುಳಿತವರ ಸೊಂಟ ಅಲುಗುವುದಿಲ್ಲ.

“ನಾನು ನಂಬ್ಲಿಲ್ಲ. ಲೋಟ ತುಂಬ ಕಾಫಿ ಹಿಡ್ಕೊಂಡು ಮೇಲೆ ಕೂತೆ ಮಾರಾಯ್ತಿ. ನಮ್ಮ ಸಪ್ಲೈಯರ್ ಹತ್ತು ಹೆಜ್ಜೆ ತಂದ್ರೆ ಅರ್ಧ ಬಟ್ಟಲಿಗೆ ಚೆಲ್ಲಿರ್ತದೆ. ಈ ಕುದುರೆ ಅರ್ಧ ಮೈಲು ಹೋಯ್ತು. ಒಂದು ತೊಟ್ಟು ಚೆಲ್ಲಿಲ್ಲ! ಅಲ್ಲೇ ತಕ್ಕೊಂಡು ಬಂದೆ.”

“ಮತ್ತೆ ಈಗ ಯಾಕೆ ಆ ಶೆಡ್ಡಿನವನಿಗೆ ಕೊಡೋದು?”

“ದೀಪಾವಳಿಯಿಂದ ಅದರ ಮೇಲೆ ಕೂತ ಕೂಡಲೇ ವಿನೋದ ಮಾತಾಡ್ಲಿಕ್ಕೆ ಸುರು ಮಾಡ್ತಾಳೆ. ಯಾರ ಹತ್ತಿರ? ಅಲ್ಲಿ ಯಾರೂ ಇಲ್ಲ. ಕೇಳಿದ್ರೆ ‘ಎಂತ ಇಲ್ಲ’ ಅಂತಾಳೆ. ಮತ್ತೆ ಆ ಕುದುರೆ ಒಂದು ಖಾಲಿ ಗೋಡೆ ಎದುರು ಹೋಗಿ ನಿಲ್ತದೆ, ಇವಳೂ ಸುಮ್ಮನೆ ಕೂರ್ತಾಳೆ. ಕುದುರೆ ನೋಡುವ ಮೈಬೂಬ ಉಂಟಲ್ಲ, ಅವ ಅದರ ಕಣ್ಣ ಕೆಳಗೆ ಕೆಟ್ಟ ಸುಳಿ ಉಂಟು ಅಂತಾನೆ. ನನಗೆ ಹೆದರಿಕೆ ಶಶಿ. ನೀನು ಪೇಪರಿನಲ್ಲಿದ್ದವಳು. ನಾಲ್ಕು ದಿನ ನೋಡು, ಕಂಡದ್ದನ್ನು ಕಂಡ ಹಾಗೆ ಹೇಳು. ಕೊಡುವುದೋ ಇಡುವುದೋ ಸಂಡೇ ಬೆಳಿಗ್ಗೆ ಹೇಳ್ತೇನೆ.”

ನನ್ನನ್ನು ಕರೆಸಿದ್ದು ಊಟ ಹಾಕಿ ಊರು ತೋರಿಸಲಿಕ್ಕಲ್ಲ ಎಂದು ಆಗ ಸ್ಪಷ್ಟವಾಯಿತು.

ಡೊಂಬಿವಲಿ, ಗುರುವಾರ ಬೆಳಿಗ್ಗೆ

ಅವರ ಮನೆ ಇರುವುದು ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗದಲ್ಲಿ. ಬೆಳಿಗ್ಗೆ ಎದ್ದು ಕಿಟಕಿ ತೆರೆದವರು ಗಾಳಿ ಮೂಸಿ ನೋಡಿ, ಮತ್ತೆ ಮುಚ್ಚುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಅದನ್ನು ಯಾರೂ ಕಷ್ಟ ಎಂದು ಹೇಳಿಕೊಳ್ಳುವುದಿಲ್ಲ. ನಾವು ಮೋಡ ನೋಡಿ ಕೊಡೆ ಹಿಡಿಯುವಷ್ಟೇ ಸಹಜ. ಆ ದಿನದ ವಾಸನೆ ಹಣ್ಣಾದ ಬಾಳೆಯದು. ಹತ್ತಿರದಲ್ಲಿ ಬಾಳೆ ಇರಲಿಲ್ಲ.

ಕೇಸರ್ ಬಾದಾಮಿ ಬಣ್ಣದ ಹೆಣ್ಣು ಕುದುರೆ. ಮಾರ್ವಾರಿ ತಳಿ. ಚರ್ಮ ಎಷ್ಟು ತೆಳುವೆಂದರೆ ಕತ್ತಿನ ನರಗಳು ಎಣಿಸುವಂತೆ ಕಾಣುತ್ತವೆ. ಈ ತಳಿಯ ಗುರುತು ಕಿವಿ: ಎರಡೂ ಒಳಕ್ಕೆ ಬಾಗಿ, ತುದಿಗಳು ನೆತ್ತಿಯ ಮೇಲೆ ಒಂದನ್ನೊಂದು ಮುಟ್ಟುತ್ತವೆ. ಒಂದು ಕಿವಿಗೂ ಇನ್ನೊಂದಕ್ಕೂ ಸಂಬಂಧವಿಲ್ಲದಂತೆ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ನಾನು ಎದುರು ನಿಂತಾಗ ಒಂದು ಕಿವಿ ನನ್ನ ಕಡೆಗಿತ್ತು. ಇನ್ನೊಂದು ಹಿಂದೆ, ಯಾರೂ ಇಲ್ಲದ ಮೂಲೆಯ ಕಡೆಗಿತ್ತು.

ಹತ್ತಲೆಂದು ಭಾವ ಕಟ್ಟಿಸಿದ ಮೂರು ಮೆಟ್ಟಿಲಿನ ಕಟ್ಟೆಯಿಂದ ವಿನೋದಕ್ಕ ನಿಧಾನವಾಗಿ ಕುದುರೆಯ ಮೇಲೆ ಕುಳಿತಳು. ಸಲ್ವಾರ್ ಕಮೀಜು, ಮೇಲೊಂದು ಶಾಲು, ಮುಡಿಯಲ್ಲಿ ಎರಡು ಅಬ್ಬಲಿಗೆ. “ಏನು ಹಾಗೆ ನೋಡ್ತೀ? ಝಾನ್ಸಿ ರಾಣಿ ಅಂತ ನಗಾಡ್ಬೇಡ. ಬೀದಿಯವರೆಲ್ಲ ನಗಾಡಿ ಮುಗಿದಿದೆ,” ಎಂದಳು.

ಕುದುರೆ ಹೊರಟಿತು. ಮೈಬೂಬ ಸ್ಕೂಟರಿನಲ್ಲಿ ಹಿಂದೆ. ಅವನ ಹಿಂದೆ ನಾನು.

ಸಾಮಾನ್ಯ ಕುದುರೆ ಕುಕ್ಕುಲೋಟದಲ್ಲಿ ಹೋದರೆ ಎರಡು ಪೆಟ್ಟಿನ ಸದ್ದು ಕೇಳುತ್ತದೆ, ಮೇಲಿನವರು ಏಳುತ್ತ ಬೀಳುತ್ತ ಹೋಗುತ್ತಾರೆ. ರೇವಾಲ್‌ನಲ್ಲಿ ನಾಲ್ಕು ಕಾಲೂ ಒಂದಾದ ಮೇಲೊಂದು, ಸಮ ಅಂತರದಲ್ಲಿ ನೆಲ ಮುಟ್ಟುತ್ತವೆ. ಒಂದಾದರೂ ಕಾಲು ಯಾವಾಗಲೂ ನೆಲದ ಮೇಲಿರುತ್ತದೆ. ನಲ್ಲಿ ತೊಟ್ಟಿಕ್ಕಿದಂತೆ ನಿಲ್ಲದ ಸದ್ದು. ಮಂಜು ಸೊಂಟದವರೆಗಿತ್ತು. ಕುದುರೆಯ ಕಾಲುಗಳು ಕಾಣುತ್ತಿರಲಿಲ್ಲ. ವಿನೋದಕ್ಕ ಮಾತ್ರ ಒಂದೇ ಎತ್ತರದಲ್ಲಿ, ಸ್ವಲ್ಪವೂ ಅಲುಗದೆ, ರಸ್ತೆಯ ಮೇಲೆ ತೇಲುವಂತೆ ಸಾಗುತ್ತಿದ್ದಳು. ಹಾಲಿನ ಕ್ಯಾನು ಹೊತ್ತ ಒಬ್ಬ ಸೈಕಲ್ ನಿಲ್ಲಿಸಿ, ಅವಳು ದಾಟುವವರೆಗೆ ತಲೆ ಎತ್ತಲಿಲ್ಲ.

ಭಾವ ಹೇಳಿದ್ದು ನಿಜ. ಅವಳು ಮಾತಾಡುತ್ತಿದ್ದಳು. ಸ್ಕೂಟರಿನ ಸದ್ದಿನಲ್ಲಿ ಪದಗಳು ತಿಳಿಯಲಿಲ್ಲ. ಏರಿಳಿತವಿಲ್ಲದ ಗುನುಗು ಮಾತ್ರ. ಮಂತ್ರದಂತಿರಲಿಲ್ಲ. ಎದುರಿನವರು ಉತ್ತರಿಸಲೆಂದು ನಡುವೆ ನಿಲ್ಲಿಸುವಂತಿತ್ತು.

ಮುಚ್ಚಿದ ಕಾರ್ಖಾನೆಯೊಂದರ ಕಂಪೌಂಡು ಬಂತು. ಕುದುರೆ ತಾನಾಗಿ ರಸ್ತೆಯಿಂದ ಸರಿದು, ಗೋಡೆಗೆ ಒಂದು ಮೊಳ ದೂರದಲ್ಲಿ ನಿಂತಿತು. ಎರಡೂ ಕಿವಿಗಳು ಗೋಡೆಯ ಕಡೆಗೆ. ವಿನೋದಕ್ಕನ ಮಾತು ನಿಂತಿತು. ಮೈಬೂಬ ಇಂಜಿನ್ ಆರಿಸಿದ.

“ಈಗ ಮಾತಾಡಬ್ಯಾಡ್ರಿ ಅಕ್ಕಾರ.”

ಗಡಿಯಾರ ನೋಡಿದೆ. ನಲವತ್ತು ಸೆಕೆಂಡು. ಗೋಡೆಯ ಆಚೆಯಿಂದ ಏನೂ ಕೇಳಲಿಲ್ಲ. ಕುದುರೆ ಮೂಗಿನಿಂದ ಒಮ್ಮೆ ಉಸಿರು ಬಿಟ್ಟು, ತಿರುಗಿ ರಸ್ತೆಗೆ ಬಂತು. ಆಮೇಲೆ ಆ ಗೋಡೆಯ ಬಗ್ಗೆ ಮೂವರನ್ನು ಕೇಳಿದೆ. ಕಾವಲುಗಾರ ಅಲ್ಲಿ ಬಾವಿ ಇತ್ತು ಎಂದ. ಚಹಾದವನು ಅಲ್ಲಿ ಗೇಟು ಇತ್ತು, ಬಾವಿಯಲ್ಲ ಎಂದ. ಹೂ ಮಾರುವ ಹೆಂಗಸು, ತಾನು ಬಂದ ದಿನದಿಂದಲೂ ಅದು ಗೋಡೆಯೇ ಎಂದಳು. ಮೂರನ್ನೂ ಬರೆದುಕೊಂಡೆ.

ಹೋಟೆಲಿನಲ್ಲಿ ಅಡುಗೆಯವನು ಸೌಟು ಹಿಡಿದು ಹೊರಗೇ ನಿಂತಿದ್ದ. ವಿನೋದಕ್ಕ ಅಂಗೈಗೆ ಒಂದಿಷ್ಟು ಹಾಕಿಸಿಕೊಂಡು ನೆಕ್ಕಿದಳು. “ಹುಳಿ ಮುಂದೆ ಓಡಿದೆ, ಬೆಲ್ಲ ಇನ್ನೂ ಮನೆಯಲ್ಲೇ ಉಂಟು.”

“ಕಲ್ ಭೀ ಯಹೀ ಬೋಲಾ ಥಾ, ಅಮ್ಮಾ.”

“ನಿನ್ನೆಯೂ ಹಾಗೇ ಮಾಡಿದ್ದಿ, ಅದಕ್ಕೇ.”

ಒಳಗೆ ನಗು. ಅವಳ ಮುಖ ನೋಡಿದೆ. ಮನೆಯಲ್ಲಿ ಕಂಡ ಮುಖವಲ್ಲ ಅದು. ಭಾನುವಾರ ಟೆಂಪೋ ಬಂದರೆ ಹೋಗುವುದು ಕುದುರೆಯೊಂದೇ ಅಲ್ಲ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೆ, ಅಭಿಪ್ರಾಯವೆನಿಸಿ ಹೊಡೆದುಹಾಕಿದೆ.

ಲಾಯ, ಗುರುವಾರ ಮಧ್ಯಾಹ್ನ

ಮೈಬೂಬ ವಿಜಯಪುರದ ಕಡೆಯವನು. ಮೊದಲು ಕಟ್ಟಡ ಕೆಲಸಕ್ಕೆ ಬಂದವನು. ಊರಲ್ಲಿ ಎತ್ತು ಸಾಕಿದ್ದನೆಂದು ಭಾವ ಅವನನ್ನು ಕುದುರೆಗೆ ಹಾಕಿದರು. ಕೈ ಪಳಗಿದೆ. ಗೊರಸಿನ ಒಳಗಿನ ಮಣ್ಣನ್ನು ಕೊಕ್ಕೆಯಿಂದ ತೆಗೆಯುವಾಗ ಮೃದು ಭಾಗಕ್ಕೆ ತಾಗಿಸುವುದಿಲ್ಲ. ತೆಳು ಚರ್ಮದ ಪ್ರಾಣಿ ಎಂದು ಗಟ್ಟಿ ಬ್ರಷ್ಷು ಮುಟ್ಟಿಸದೆ, ಒದ್ದೆ ಗೋಣಿತಾಟು ಹಿಂಡಿ ಒರೆಸುತ್ತಾನೆ. ಒಣಹುಲ್ಲು ದಿನವಿಡೀ, ನೆನೆಸಿದ ಕಡಲೆ ಸ್ವಲ್ಪ, ಬೂಸಾ ಸ್ವಲ್ಪ, ನೀರು ಯಾವಾಗಲೂ.

“ಮತ್ತ ಸಾವುಕಾರ್‍ರು ಏನ್ ಮಾಡಿದ್ರು ಕೇಳ್ರಿ. ಹ್ವಾಟೆಲಿನ್ಯಾಗ ಉಳದಿದ್ದ ಇಡ್ಲಿ ಒಂದ್ ಬುಟ್ಟಿ ತಂದು ಹಾಕಿದ್ರಿ. ‘ಮನಷ್ಯಾರಿಗೆ ಹಗೂರ ಅಂದ್ರ ಕುದುರಿಗೂ ಹಗೂರ’ ಅಂದ್ರು. ಹುಳಿ ಹಿಟ್ಟಲ್ರಿ ಅದು! ಹೊಟ್ಟಿ ಉಬ್ಬಿ, ಮುಂಜಾನಿತನಾ ನಡಿಸ್ಯಾಡೀನ್ರಿ. ಕುದುರಿಗೆ ವಾಂತಿ ಬರಂಗಿಲ್ಲ ನೋಡ್ರಿ, ಒಳಗ ಹೋಗಿದ್ದು ಹೋದಂಗ.”

ಹೇಳುವಾಗ ನಗುತ್ತಿದ್ದ. ಕುದುರೆಯ ಎಡಗಣ್ಣಿನ ಕೆಳಗೆ, ಕಾಸಿನಗಲ, ಕೂದಲಿಲ್ಲದ ಗುಳಿ ಇತ್ತು. ಅದೇನೆಂದು ಕೇಳಿದೆ. ನಗು ನಿಂತಿತು.

“ಕಣ್ಣೀರ ಸುಳಿ ಇತ್ರಿ ಅಲ್ಲಿ. ಎತ್ತಿಗೆ ಅಂಥಾ ಸುಳಿ ಇದ್ರ ನಮ್ಮ ಕಡೆ ಯಾರೂ ಕಟ್ಟಂಗಿಲ್ಲ. ಕಟ್ಟಿದಾಂವ ಅಳಬೇಕಾಗ್ತದ. ಅಮಾಸಿ ಬಂತಂದ್ರ ಇದರ ಕಣ್ಣು ನೀಲಿ ಆಗಿ ನೀರು ಹರೀತಿತ್ರಿ. ಆ ಮ್ಯಾಲ ತಾನಾ ತಿಳಿ ಆಗೋದು. ಇದು ಸುಳಿಯ ಕೆಲಸ ಅಂತ ತಿಳದ್ಯಾ.”

“ಈಗ ಸುಳಿ ಇಲ್ಲವಲ್ಲ?”

ಅವನು ಬಕೆಟ್ಟು ಎತ್ತಿಕೊಂಡು ಹೋದ.

ವಿಠ್ಠಲವಾಡಿ, ಶುಕ್ರವಾರ

ಲಾಳ ಕಟ್ಟುವ ಮುದುಕ ವಿಠ್ಠಲವಾಡಿಯಲ್ಲಿದ್ದ. ಸವೆದ ನಾಲ್ಕು ಲಾಳಗಳನ್ನು ನೋಡಿ ಅದೇ ಅಳತೆಗೆ ಹೊಸದು ಬಡಿದಿಟ್ಟು, ಆಮೇಲೆ ಬಂದು ಕಟ್ಟುವುದು ಅವನ ಕ್ರಮ. ಮೈಬೂಬನೊಂದಿಗೆ ಲೋಕಲ್ ರೈಲಿನಲ್ಲಿ ನಾನೂ ಹೊರಟೆ. ಲಾಳದ ಚೀಲ ನನ್ನ ಕೈಯಲ್ಲಿತ್ತು, ಅದು ತಪ್ಪಾಯಿತು. ಮಹಿಳೆಯರ ಡಬ್ಬಿಯಲ್ಲಿ ಚೀಲ ಹರಿದು ಒಂದು ಲಾಳ ಠಣ್ಣೆಂದು ಬಿತ್ತು. ಬಟಾಣಿ ಸುಲಿಯುತ್ತಿದ್ದವಳು, ಫೋನಿನಲ್ಲಿ ಮಗಳಿಗೆ ಬೈಯುತ್ತಿದ್ದವಳು, ನಿದ್ದೆ ಹೋಗುತ್ತಿದ್ದವಳು, ಎಲ್ಲರೂ ಒಮ್ಮೆಲೇ ತಿರುಗಿದರು.

“ಕಾಳ್ಯಾ ಘೋಡ್ಯಾಚಾ ಆಹೆ ಕಾ?” ಕಪ್ಪು ಕುದುರೆಯದಾ ಎಂದು ಕೇಳಿದ್ದು. ಬಾಗಿಲಿಗೆ ಹೊಡೆದರೆ ದೃಷ್ಟಿ ತಾಗುವುದಿಲ್ಲವಂತೆ. ಬಾದಾಮಿ ಬಣ್ಣದ್ದು ಎಂದೆ. ಅವರಿಗೆ ಎಷ್ಟು ನಿರಾಸೆಯಾಯಿತೆಂದರೆ ಕಲ್ಯಾಣದವರೆಗೆ ಯಾರೂ ನನ್ನೊಂದಿಗೆ ಮಾತಾಡಲಿಲ್ಲ.

ಮುದುಕ ಲಾಳಗಳನ್ನು ಬೆಳಕಿಗೆ ಹಿಡಿದು ನೋಡಿದ. ಹೆಬ್ಬೆರಳಿನಿಂದ ಅಂಚು ಸವರಿದ. ರೇವಾಲ್ ಕುದುರೆಯ ಲಾಳ ಸುತ್ತಲೂ ಸಮವಾಗಿ ಸವೆಯಬೇಕಂತೆ, ಕಾಲು ಚಪ್ಪಟೆಯಾಗಿ ಇಳಿಯುವುದರಿಂದ. ಇವುಗಳಲ್ಲಿ ಮುಂಗಾಲಿನ ಎರಡರ ತುದಿ ಕಾಗದದಷ್ಟು ತೆಳುವಾಗಿತ್ತು.

“ಯೇ ದೇಖ್‌ಕೇ ನಹೀ ಚಲ್ತೀ,” ಎಂದ. “ಟಟೋಲ್‌ಕೇ ಚಲ್ತೀ ಹೈ.” ಇದು ನೋಡಿ ನಡೆಯುವುದಿಲ್ಲ, ತಡಕಿ ನಡೆಯುತ್ತದೆ. ಆಮೇಲೆ ಮೈಬೂಬನ ಮುಖ ನೋಡಿ, “ಕಬ್ ಸೇ?” ಎಂದ. ಯಾವಾಗಿನಿಂದ?

ಮೈಬೂಬ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತ. “ಸಲಾಕಿ ಕಾಸಿ ಸುಳಿ ಸುಟ್ಟೀನ್ರಿ ಅಕ್ಕಾರ. ನಮ್ಮ ಕಡೆ ಎತ್ತಿಗೆ ಹಂಗ ಮಾಡ್ತಾರ್ರಿ. ಸುಟ್ಟ ಮ್ಯಾಲ ಕಣ್ಣು ಊದಿ ನೀರು ಬಂತು. ಸುಳಿ ಬಿಟ್ಟು ಹೋಗ್ತದ, ಅದಕ್ಕ ಅಳ್ತದ ಅಂತ ತಿಳದ್ಯಾ. ಊತ ಇಳದು ನೋಡತನಕಾ ಕಣ್ಣಾಗ ಹಾಲು ತುಂಬಿತ್ರಿ. ಈಗ ಬಲಗಣ್ಣಾಗೂ ನೀರು ಸುರು ಆಗ್ಯದ. ಡಾಕ್ಟರನ್ನ ಕರದ್ರ ಸುಟ್ಟಿದ್ದು ಕೇಳ್ತಾರ. ನನ್ನ ಕೈಯಾರೆ ಆಗ್ಯದರಿ.”

ಡೊಂಬಿವಲಿ, ಶನಿವಾರ

ಒಬ್ಬರ ಮಾತಿನ ಮೇಲೆ ಸುದ್ದಿ ಮಾಡಬಾರದು. ಲಾಯಕ್ಕೆ ಹೋಗಿ ಕೇಸರ್‌ನ ಎಡಗಣ್ಣಿನ ಹತ್ತಿರ, ಗಾಳಿ ತಾಗದಂತೆ ಮೆಲ್ಲಗೆ ಅಂಗೈ ತಂದೆ. ರೆಪ್ಪೆ ಮಿಟುಕಲಿಲ್ಲ. ಬಲಗಣ್ಣಿನ ಹತ್ತಿರ ತಂದೆ. ತಡವಾಗಿ ಮಿಟುಕಿತು. ಆದರೆ ಎರಡು ಸಲವೂ, ನನ್ನ ಕೈ ಚಲಿಸುವ ಮೊದಲೇ ಕಿವಿ ಆ ಬದಿಗೆ ತಿರುಗಿತ್ತು.

“ಗೊತ್ತಾಯ್ತಾ ನಿನಗೆ?”

ವಿನೋದಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳು ಬಂದದ್ದು ನನಗೆ ಕೇಳಿಸಿರಲಿಲ್ಲ.

“ನಿನಗೆ ಯಾವಾಗ ಗೊತ್ತಾದದ್ದು ಅಕ್ಕ?”

“ದೀಪಾವಳಿಗೆ. ಬೀದಿಯಲ್ಲಿ ರಂಗೋಲಿ ಹಾಕಿದ್ರು, ದೀಪ ಇಟ್ಟಿದ್ರು. ಎಂದೂ ತುಳಿಯದ್ದು ದೀಪದ ಮೇಲೆ ಕಾಲಿಟ್ಟಿತು. ಆವತ್ತಿನಿಂದ ನಾನು ದಾರಿ ಹೇಳ್ತೇನೆ. ತುಳುವಿನಲ್ಲಿ. ‘ಮೆಲ್ಲ, ಗುಂಡಿ ಉಂಡು, ಬಲತ್ತ್, ಇತ್ತೆ ದುಂಬು ಪೋ.’ ನಾನು ಹೇಳ್ತೇನೆ, ಅದು ಕೇಳ್ತದೆ. ಅಷ್ಟೆ.”

ಮೆಲ್ಲಗೆ, ಹೊಂಡ ಇದೆ, ಬಲಕ್ಕೆ, ಈಗ ಮುಂದೆ ಹೋಗು: ಇದೇ ಆ ಗುನುಗು. “ಆ ಗೋಡೆಯ ಹತ್ತಿರ?” ಎಂದೆ.

“ಅಲ್ಲಿ ನಾನು ಏನೂ ಹೇಳುವುದಿಲ್ಲ. ಅದೇ ಹೋಗ್ತದೆ, ಅದೇ ನಿಲ್ತದೆ,” ಎಂದು ಕುದುರೆಯ ಕತ್ತಿನ ಮೇಲೆ ಕೈ ಇಟ್ಟಳು. “ನಿನ್ನ ಭಾವನಿಗೆ ಹೇಳ್ಬೇಡ. ಕುರುಡು ಕುದುರೆ ಅಂತ ತಿಳಿದ್ರೆ ನಾಳೆ ಹೋಯ್ತು ಇದು. ನಾನು ಮತ್ತೆ ಆ ಫ್ಯಾನು ನೋಡ್ಕೊಂಡು ಮಲಗ್ಬೇಕು. ನನ್ನಿಂದಾಗುದಿಲ್ಲ ಶಶಿ.”

ಎರಡೂ ಕಣ್ಣುಗಳ ವಿಡಿಯೊವನ್ನು ನವಿ ಮುಂಬೈಯ ಒಬ್ಬ ಪಶುವೈದ್ಯರಿಗೆ ಕಳಿಸಿದೆ. ಅವರು ಫೋನು ಮಾಡಿ ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು. ಇದು ಸುಳಿಯಲ್ಲ, ಅಮಾವಾಸ್ಯೆಯೂ ಅಲ್ಲ. ಕಣ್ಣಿನೊಳಗೆ ಮತ್ತೆ ಮತ್ತೆ ಉರಿಯೂತ ಬರುವ ಕಾಯಿಲೆ. ಎಡಗಣ್ಣು ಮುಗಿದಿದೆ. ಬಲಗಣ್ಣು ಉಳಿಯಬಹುದು, ಆದರೆ ಕೂಡಲೇ ತನ್ನಿ. ಬೆಳಕು ತಾಗದಂತೆ ತನ್ನಿ. ಕೆಲವು ವಾರ ಇಲ್ಲೇ ಇರಬೇಕು.

ಅಂದರೆ ಮುಚ್ಚಿಟ್ಟರೆ ಕುದುರೆ ಪೂರ್ತಿ ಕುರುಡಾಗುತ್ತದೆ, ಒಂದು ದಿನ ಟ್ಯಾಂಕರಿನಡಿಗೆ ಇಬ್ಬರೂ ಹೋಗಬಹುದು. ಹೇಳಿದರೆ ಭಾವ ಮಾರುತ್ತಾರೆ.

ಭಾನುವಾರ

ಟೆಂಪೋ ಎಂಟಕ್ಕೆ ಬಂತು. ಘೋಡಬಂದರಿನವನು ಇಳಿದು, ಕೇಸರ್‌ನ ಸುತ್ತ ಒಂದು ಪ್ರದಕ್ಷಿಣೆ ಬಂದ. ಭಾವ ನನ್ನ ಕಡೆ ತಿರುಗಿದರು. “ಹೇಳು.”

ಹೇಳಿದೆ. ಕಂಡ ಕ್ರಮದಲ್ಲಿ, ವಿಶೇಷಣವಿಲ್ಲದೆ. ಲಾಳ, ಸುಟ್ಟ ಸುಳಿ, ಎಡಗಣ್ಣು, ಬಲಗಣ್ಣು, ವೈದ್ಯರ ಮಾತು. ವಿನೋದಕ್ಕ ಯಾರೊಂದಿಗೂ ಮಾತಾಡುತ್ತಿರಲಿಲ್ಲ, ಕುದುರೆಗೆ ದಾರಿ ಹೇಳುತ್ತಿದ್ದಳು. ಅವಳ ಬಾಯಿಯೇ ಅದರ ಕಣ್ಣು ಎಂದೆ. ಗೋಡೆಯ ವಿಷಯ ಬಿಟ್ಟೆ. ಅದಕ್ಕೆ ನನ್ನಲ್ಲಿ ವಿವರಣೆ ಇರಲಿಲ್ಲ.

“ಪೇಪರಿನ ಬುದ್ಧಿ,” ಎಂದಳು ವಿನೋದಕ್ಕ. ನನ್ನ ಕಡೆ ನೋಡಲಿಲ್ಲ.

ಭಾವ ಹೆಂಡತಿಯನ್ನು ನೋಡಿದರು. “ಮೂರು ತಿಂಗಳು ಕುರುಡು ಕುದುರೆ ಮೇಲೆ ಕೂತಿದ್ದಿಯಾ ನೀನು?”

“ಬಿದ್ದೆನಾ?”

“ಅಲ್ಲ, ನಾನು... ನಿನಗೆ ಏನೋ ಹಿಡಿದಿದೆ ಅಂತ... ದಾರಿ ಹೇಳುವುದಾ? ಬರೀ ದಾರಿ ಹೇಳುವುದಾ ಮಾರಾಯ್ತಿ?”

ಘೋಡಬಂದರಿನವನಿಗೆ ಮೈಬೂಬ ಹಿಂದಿಯಲ್ಲಿ ವಿಷಯ ತಿಳಿಸಿದ. ಅವನು ಕೈ ಬೀಸಿದ. “ಅಂಧೀ ಹೈ ತೋ ಕ್ಯಾ ಹುವಾ? ಶಾದೀ ಮೇ ದೂಲ್ಹೇ ಕೋ ಭೀ ಕುಛ್ ನಹೀ ದಿಖ್ತಾ.” ಕುರುಡಾದರೇನಂತೆ, ಮದುವೆಯಲ್ಲಿ ವರನಿಗೂ ಏನೂ ಕಾಣಿಸುವುದಿಲ್ಲ ಎಂದ.

“ಕೊಡುವುದಿಲ್ಲ,” ಎಂದರು ಭಾವ. ಆಮೇಲೆ ನೆನಪಾದಂತೆ ಹಿಂದಿಯಲ್ಲೂ ಹೇಳಿದರು. ಟೆಂಪೋ ಬಾಡಿಗೆಯದಾಗಿತ್ತು. ಡ್ರೈವರನ ಹೆಗಲ ಮೇಲೆ ಕೈ ಹಾಕಿ, “ನವಿ ಮುಂಬೈ ಚಲೇಗಾ?” ಎಂದು ಕೇಳಿದರು.

ಹಲಗೆ ಇಳಿಸಿದರು. ಸುತ್ತಲೂ ತಾಡಪಾಲು ಕಟ್ಟಿದರು, ಬೆಳಕು ಹೋಗದಂತೆ. ಮೈಬೂಬ ಹಗ್ಗ ಹಿಡಿದು ಎಳೆದ. ಕೇಸರ್ ಹಲಗೆಯ ಮುಂದೆ ನಿಂತಿತು. ಭಾವ ಹಿಂದಿನಿಂದ ತಟ್ಟಿದರು. ಡ್ರೈವರ್ ನಾಲಿಗೆಯಲ್ಲಿ ಲೊಚಗುಟ್ಟಿದ. ಕುದುರೆ ಬೆವರಲು ತೊಡಗಿತೇ ಹೊರತು ಹೆಜ್ಜೆ ಎತ್ತಲಿಲ್ಲ.

ವಿನೋದಕ್ಕ ಶಾಲು ಸೊಂಟಕ್ಕೆ ಬಿಗಿದಳು. ಹಲಗೆಯ ಮೇಲೆ ಒಂದು ಹೆಜ್ಜೆ ಇಟ್ಟು ತಿರುಗಿ, “ಮೆಲ್ಲ,” ಎಂದಳು. “ಇತ್ತೆ ದುಂಬು ಬಲ.” ಈಗ ಮುಂದೆ ಬಾ. ಕುದುರೆ ಏರಿತು. ಅವಳು ಇಳಿಯಲು ಹೊರಟಾಗ ಅದು ನಡುಗತೊಡಗಿತು; ಹಲಗೆಗಳು ಕಟಕಟ ಎಂದವು.

“ನೀನು ಇಳಿ,” ಎಂದರು ಭಾವ. “ಆ ರಸ್ತೆಯಲ್ಲಿ ಟೆಂಪೋದಲ್ಲಿ ಹೋದ್ರೆ ನಿನ್ನ ಬೆನ್ನು ಉಳೀಲಿಕ್ಕಿಲ್ಲ.”

“ತಾಡಪಾಲು ಹಾಕಿ,” ಎಂದಳು ಅವಳು, ಒಳಗಿನಿಂದ.

ಶಿಳ್ ರಸ್ತೆ

ಮುಂದೆ ಡ್ರೈವರ್, ಭಾವ, ನಾನು. ಮೈಬೂಬ ಸ್ಕೂಟರಿನಲ್ಲಿ. ನಮ್ಮ ತಲೆಯ ಹಿಂದೆ ತಗಡು. ಅದರಾಚೆ ಕತ್ತಲೆ ಪೆಟ್ಟಿಗೆಯಲ್ಲಿ ಅವರಿಬ್ಬರು. ನವಿ ಮುಂಬೈಗೆ ಹೋಗುವ ಶಿಳ್ ರಸ್ತೆಯಲ್ಲಿ ಅಗೆತ ನಡೆದಿತ್ತು. ಎಲ್ಲೆಡೆ ನೀಲಿ ತಗಡಿನ ಬೇಲಿ.

ತಗಡಿನ ಮೂಲಕ ಅವಳ ಧ್ವನಿ ಕೇಳುತ್ತಿತ್ತು. “ಗುಂಡಿ ಉಂಡು.” ಒಂದು ಕ್ಷಣ ಬಿಟ್ಟು ಗಾಡಿ ಹೊಂಡಕ್ಕೆ ಇಳಿಯಿತು. “ಗುಂಡಿ ಉಂಡು.” ಮತ್ತೆ ಹೊಂಡ. ಮೊದಲ ನಾಲ್ಕೈದು ಸಲ ಗಮನ ಹೋಗಲಿಲ್ಲ. ಆಮೇಲೆ ಪೆನ್ನು ತೆಗೆದು ಗೀರು ಹಾಕತೊಡಗಿದೆ. ಹೇಳಿದ್ದಕ್ಕೆ ಒಂದು ಗೀರು, ಬಿದ್ದದ್ದಕ್ಕೆ ಒಂದು. ಇಪ್ಪತ್ತಮೂರು, ಇಪ್ಪತ್ತಮೂರು. ಪ್ರತಿ ಸಲವೂ ಮಾತು ಮೊದಲು.

ಡ್ರೈವರನಿಗೆ ತುಳು ಬರುತ್ತಿರಲಿಲ್ಲ. ಆದರೂ ಅವನಿಗೆ ತಿಳಿದಿತ್ತು. “ಮಾವಶೀ ಕೋ ಅಂದರ್ ಸೇ ದಿಖ್ತಾ ಹೈ ಕ್ಯಾ?” ಎಂದ. ಒಳಗಿಂದ ಚಿಕ್ಕಮ್ಮನಿಗೆ ಕಾಣುತ್ತದೆಯೇ?

ಭಾವ ಕಣ್ಣೊರೆಸಿಕೊಂಡರು. “ಇಪ್ಪತ್ತು ವರ್ಷ ಈ ರಸ್ತೆಯಲ್ಲಿ ಬಸ್ಸಿನಲ್ಲಿ ಹೋದವಳು. ಗೊತ್ತುಂಟು ಅವಳಿಗೆ.”

ಹೊಂಡಗಳು ಕಳೆದ ಮಳೆಗಾಲದವು, ಅವಳು ಬಸ್ಸು ಹತ್ತದೆ ಎರಡು ವರ್ಷದ ಮೇಲಾಗಿತ್ತು. ಮುಂದೆ ಒಂದು ಕಡೆ ಬೇಲಿ ರಸ್ತೆಗೆ ಅಡ್ಡ ಬಂದಿತ್ತು. ಡ್ರೈವರ್ ಬ್ರೇಕು ಒತ್ತಿ, ಯಾವ ಕಡೆ ಎಂದು ಕತ್ತು ಚಾಚಿ ನೋಡುತ್ತಿದ್ದ. ಸ್ಟಿಯರಿಂಗು ನೇರವಾಗಿತ್ತು.

“ಎಡತ್ತ್,” ಎಂದಿತು ಹಿಂದಿನ ಧ್ವನಿ.

ಎಡಕ್ಕೇ ದಾರಿ ಇತ್ತು.

ನವಿ ಮುಂಬೈ

ಆಸ್ಪತ್ರೆಯ ಅಂಗಳದಲ್ಲಿ ಭಾವ ವೈದ್ಯರನ್ನು ಕರೆಯಲು ಓಡಿದರು. ನಾನು ತಾಡಪಾಲಿನ ಒಂದು ಮೂಲೆ ಎತ್ತಿದೆ. ವಿನೋದಕ್ಕ ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು, ಕುದುರೆಯ ನಾಲ್ಕು ಕಾಲುಗಳ ನಡುವೆ. ತುಟಿ ಬಿಳಿಚಿಕೊಂಡಿತ್ತು. ಅವಳ ಕೂದಲಿನ ಒಂದು ಎಳೆಯನ್ನೂ ಅದು ತುಳಿದಿರಲಿಲ್ಲ.

“ಮೊದಲನೇ ಹೊಂಡಕ್ಕೇ ಬಿದ್ದೆ. ಏಳ್ಲಿಕ್ಕೆ ಆಗ್ಲಿಲ್ಲ,” ಎಂದಳು.

“ಹೊಂಡ ನಿನಗೆ ಹೇಗೆ ಕಾಣ್ತಿತ್ತು?”

“ಕಾಣ್ಲಿಕ್ಕೆ ಎಂತ ಉಂಟು ಈ ಕತ್ತಲೆಯಲ್ಲಿ? ಹೊಂಡ ಬರುವ ಮೊದಲು ಇದು ಕಾಲು ಅಗಲ ಮಾಡಿ ಗಟ್ಟಿ ನಿಲ್ತದೆ. ಅದು ಗೊತ್ತಾದ ಕೂಡಲೇ ನಾನು ಹೇಳ್ತಿದ್ದೆ.”

“ಎಡಕ್ಕೆ ಅಂದದ್ದು?”

“ಇದು ಎಡಕ್ಕೆ ವಾಲಿತು.” ಅವಳು ಕಣ್ಣು ಮುಚ್ಚಿದಳು. “ರಸ್ತೆಯಲ್ಲೂ ಹೀಗೇ ಇತ್ತು ಕಾಣ್ತದೆ ಶಶಿ. ಇದು ಸರಿಯುವಾಗ ನನ್ನ ಸೊಂಟಕ್ಕೆ ಗೊತ್ತಾಗ್ತದೆ, ಬಾಯಿ ಹೇಳ್ತದೆ. ನಾನೇ ಹೇಳಿ ನಡೆಸಿದ್ದು ಅಂತ ತಿಳ್ಕೊಂಡಿದ್ದೆ.”

ಭಾವ ವೈದ್ಯರೊಂದಿಗೆ ಬರುತ್ತಿದ್ದುದು ಕಂಡಿತು.

“ಇದನ್ನು ಅವರಿಗೆ ಹೇಳ್ಬೇಡ,” ಎಂದಳು. “ಈಗಷ್ಟೆ ಅವರ ಹೆದರಿಕೆ ಹೋದದ್ದು.” ನಾನು ಈ ಸಲ ಹೇಳಲಿಲ್ಲ.

ಮಂಗಳೂರು

ಕೇಸರ್‌ನ ಬಲಗಣ್ಣು ಉಳಿಯಿತು, ಅರ್ಧದಷ್ಟು. ಮೈಬೂಬ ಕೆಲಸದಲ್ಲಿದ್ದಾನೆ, ದಿನಕ್ಕೆ ಹಲವು ಸಲ ಹನಿ ಹಾಕುವುದು, ಬಿಸಿಲಿಗೆ ಮುಖಕ್ಕೆ ಜಾಲರಿ ಕಟ್ಟುವುದು ಅವನದೇ. ವಿನೋದಕ್ಕ ಆರು ವಾರ ಹಾಸಿಗೆಯಲ್ಲಿದ್ದು ಎದ್ದಳು. ನನ್ನೊಂದಿಗೆ ಮಾತು ಬಿಟ್ಟಿಲ್ಲ. ವೈದ್ಯರು ದೊಡ್ಡ ರಸ್ತೆ ಬೇಡವೆಂದಿದ್ದಾರೆ. ಒಳಗಿನ ಬೀದಿಗಳಲ್ಲಿ ನಿಧಾನವಾಗಿ ಹೋಟೆಲಿಗೆ ಹೋಗಿ ಬರುತ್ತಾಳೆ. ಭಾವ ಮುಂದೆ ನಡೆಯುತ್ತಾರೆ, ಹೆಗಲ ಮೇಲೆ ಹೋಟೆಲಿನ ಟವೆಲು, ಪ್ರತಿ ಹೊಂಡವನ್ನೂ ತುಳುವಿನಲ್ಲಿ ಕೂಗಿ ಹೇಳುತ್ತ. ತಾನು ಹೇಳದಿದ್ದರೆ ಕುದುರೆ ಬೀಳುತ್ತದೆ ಎಂದು ನಂಬಿದ್ದಾರೆ. ಹಾಗೆಂದು ವರದಿ ಕೊಟ್ಟವಳು ನಾನು.

ಕಳೆದ ವಾರ ಮೈಬೂಬ ಒಂದು ವಿಡಿಯೊ ಕಳಿಸಿದ. ಮಂಜಿಲ್ಲದ ಬೆಳಗು. ಭಾವ ಕೈ ಎತ್ತಿ ಹಿಂದೆ ತಿರುಗಿ ಏನೋ ಕೂಗುತ್ತಾರೆ, ಕುದುರೆ ಬಲಕ್ಕೆ ಸರಿಯುತ್ತದೆ, ವಿನೋದಕ್ಕ ನಗುತ್ತಾಳೆ. ಹಳೆಯ ಅಭ್ಯಾಸ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕುದುರೆ ಬಲಕ್ಕೆ ಹೆಜ್ಜೆ ಇಟ್ಟಾಗ ಭಾವನ ಬಾಯಿ ಇನ್ನೂ ಮುಚ್ಚಿದೆ. ಅವರು ಇನ್ನೂ ಹಿಂದೆ ತಿರುಗಿಯೂ ಇಲ್ಲ.